ಮೂಟೆ ಹೊರುವವರ ಮಾತೂ ಸಭೆಗೆ ಬರಲಿ

ಕೊಳ್ಳೇಗಾಲ, ಹನೂರು, ಯಳಂದೂರು ಪೇಟೆಗಳ ಸರಕು ಸಾಗಣೆಯಲ್ಲಿ ಸ್ಥಳೀಯರ ಪಾಲು
(ಉಪನ್ಯಾಸದ ಪಠ್ಯ)



ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಒಡೆಯುತ್ತಾಳೆ. ಆ ಕವಲುಗಳ ಮೇಲೆ ಕಲ್ಲುಕಂಬಗಳನ್ನು ನಿಲ್ಲಿಸಿ ಕಟ್ಟಿದ ಹಳೆಯ ಸೇತುವೆಗಳು ಈ ಸೀಮೆಯ ಜನರಿಗೆಲ್ಲ ಪರಿಚಿತ. 1830ರ ದಶಕದ ಆರಂಭದ ಹೊತ್ತಿಗೆ ಅವುಗಳನ್ನು ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರ್. ಆ ಕೆಲಸಕ್ಕಾಗಿ ಅವರಿಗೆ ಜಹಗೀರಿಯೊಂದಿಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ದೊರೆಯಿತು. ಜನಕ್ಕೆ ಉಪಕಾರವಾಗುವ ಕೆಲಸವನ್ನು ಮಾಡಿದವರು ಎಂಬುದು ಅದರ ಅರ್ಥ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಗಾಡಿಗಳು ದಡದಲ್ಲೇ ನಿಲ್ಲುತ್ತಿದ್ದ ಕಾಲದಲ್ಲಿ ಸರಕು ದಾಟುವ ದಾರಿಯೊಂದನ್ನು ಕಟ್ಟುವುದು ಕೆರೆ ಕಟ್ಟಿಸಿದಷ್ಟೇ, ಅರವಟ್ಟಿಗೆ ಇರಿಸಿದಷ್ಟೇ ದೊಡ್ಡ ಪುಣ್ಯಕಾರ್ಯವೆಂದು ಎಣಿಕೆಯಾಗಿತ್ತು.

ಇಂದು ಹೊಳೆಗೆ ಹೊಸ ಸೇತುವೆಗಳಿವೆ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳ ಮಾರ್ಗವಾಗಿ ಕೊಳ್ಳೇಗಾಲ, ಯಳಂದೂರು, ಚಾಮರಾಜನಗರಗಳನ್ನು ಹಾದು ಸತ್ಯಮಂಗಲದ ಘಟ್ಟ ಇಳಿಯುವ ರಾಷ್ಟ್ರೀಯ ಹೆದ್ದಾರಿ ಇದೆ. ಹಿಂದೆ ಅದರ ಸಂಖ್ಯೆ 209, ಈಗ 948. ಮೈಸೂರಿನ ಕಡೆಯಿಂದ ಬರುವ ಹೆದ್ದಾರಿಯೂ ಕೊಳ್ಳೇಗಾಲಕ್ಕೆ ಬಂದು ಕೂಡುತ್ತದೆ. ನೂರಾರು ಮೈಲಿ ದೂರದ ಸರಕು ಒಂದೇ ರಾತ್ರಿಯಲ್ಲಿ ಊರ ಬಾಗಿಲಿಗೆ ಬಂದು ತಲಪುತ್ತದೆ. ತೊಡಕು ಶುರುವಾಗುವುದು ಅಲ್ಲಿಂದ ಮುಂದೆ, ಊರ ಬಾಗಿಲಿನಿಂದ ಅಂಗಡಿಯ ಹೊಸ್ತಿಲವರೆಗಿನ ಕೊನೆಯ ಫರ್ಲಾಂಗಿನಲ್ಲಿ. ಆ ಫರ್ಲಾಂಗಿಗೆ ಸೇತುವೆ ಕಟ್ಟುವವರು ಯಾರು ಎಂಬುದೇ ಇಂದಿನ ಮಾತಿನ ವಿಷಯ.

ಕೊನೆಯ ಫರ್ಲಾಂಗು

ಕೊಳ್ಳೇಗಾಲಕ್ಕೆ ರೈಲು ಇಲ್ಲ. ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳನ್ನು ಮುಟ್ಟಿ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗದ ಮಾತು ದಶಕಗಳಿಂದ ಕೇಳಿಬರುತ್ತಿದೆ, ಹಳಿ ಬಿದ್ದಿಲ್ಲ. ಆದ್ದರಿಂದ ಈ ಮೂರು ತಾಲ್ಲೂಕುಗಳ ಅಕ್ಕಿ, ಬೇಳೆ, ಎಣ್ಣೆ, ಸಿಮೆಂಟು, ಕಬ್ಬಿಣ, ಗೊಬ್ಬರ, ಔಷಧಿ ಎಲ್ಲವೂ ಲಾರಿಯಲ್ಲೇ ಬರಬೇಕು. ಇಲ್ಲಿಂದ ಹೊರಡುವ ರೇಷ್ಮೆ, ಅರಿಸಿನ, ರಾಗಿ, ಮುಸುಕಿನ ಜೋಳ, ಬಾಳೆ, ತರಕಾರಿಗಳೂ ಲಾರಿಯಲ್ಲೇ ಹೋಗಬೇಕು. 2011ರ ಜನಗಣತಿಯಂತೆ ಕೊಳ್ಳೇಗಾಲ ಪಟ್ಟಣದ ಜನಸಂಖ್ಯೆ ಸುಮಾರು 57 ಸಾವಿರ. ಆದರೆ ಆ ಪಟ್ಟಣದ ಪೇಟೆ ಊಟವಿಕ್ಕುವುದು ಅಷ್ಟೇ ಜನರಿಗಲ್ಲ. ಹನೂರಿನಿಂದಾಚೆ ರಾಮಾಪುರ, ಲೊಕ್ಕನಹಳ್ಳಿ, ಮಲೆ ಮಹದೇಶ್ವರ ಬೆಟ್ಟದವರೆಗಿನ ಅಂಗಡಿಗಳಿಗೆಲ್ಲ ಅದೇ ತಾಯಿಪೇಟೆ. ಒಡೆಯರಪಾಳ್ಯದ ಟಿಬೆಟಿಯನ್ ವಸತಿಯವರ ಸಾಮಾನು, ಕಾಡಿನೊಳಗಿನ ಬೇಡಗಂಪಣರ ಊರುಗಳ ಹಾಗೂ ಸೋಲಿಗರ ಪೋಡುಗಳ ಉಪ್ಪು, ಸೋಪು, ಸೀಮೆಸುಣ್ಣದವರೆಗೆ ಬಹುಪಾಲು ಇಲ್ಲಿಂದಲೇ ಏರಬೇಕು.

ಹಳೆಯ ಪೇಟೆಯ ಬೀದಿಗಳು ಎತ್ತಿನ ಗಾಡಿಯ ಅಳತೆಗೆ ಹುಟ್ಟಿದವು. ಗಾಡಿ ಒಂದು, ಅದರ ಪಕ್ಕದಲ್ಲಿ ನಡೆಯುವವರು ಇಬ್ಬರು: ಬೀದಿಯ ಅಗಲ ಅಷ್ಟೇ. ಅಂಥ ಬೀದಿಗೆ ಹತ್ತು ಚಕ್ರದ ಲಾರಿ ಹೊಕ್ಕರೆ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಬೆಳಿಗ್ಗೆ ಅಂಗಡಿ ತೆರೆಯುವುದು, ಮಕ್ಕಳು ಶಾಲೆಗೆ ಹೊರಡುವುದು, ಹಳ್ಳಿಯ ಬಸ್ಸುಗಳು ಬರುವುದು, ತಳ್ಳುಗಾಡಿಯವರು ಜಾಗ ಹಿಡಿಯುವುದು, ಸರಕು ಇಳಿಯುವುದು ಎಲ್ಲವೂ ಒಂದೇ ಹೊತ್ತಿಗೆ ಕೂಡುತ್ತವೆ. 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ವಾಹನ ಬಂದ ಮೇಲೆ ಎತ್ತಿನ ಗಾಡಿಯ ಜಾಗವನ್ನು ಅದು ತುಂಬಿತು. ಅನೇಕ ತರುಣರಿಗೆ ಅದು ಸ್ವಂತ ದುಡಿಮೆಯ ದಾರಿಯಾಯಿತು. ಆದರೆ ಒಬ್ಬೊಬ್ಬ ವರ್ತಕನಿಗೆ ಒಂದೊಂದು ವಾಹನವೆಂಬಂತೆ ಅರ್ಧ ತುಂಬಿದ ಗಾಡಿಗಳು ಒಂದರ ಹಿಂದೊಂದು ಅದೇ ಬೀದಿಗೆ ನುಗ್ಗತೊಡಗಿದವು.

ಸರಕೆಂದರೆ ಎಲ್ಲವೂ ಒಂದೇ ಬಗೆಯದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸಿಮೆಂಟಿನ ಮೂಟೆ ನಾಲ್ಕು ಗಂಟೆ ಕಾದರೂ ಕೆಡುವುದಿಲ್ಲ. ರೇಷ್ಮೆಗೂಡು ಕಾಯಲಾರದು. ಗೂಡಿನೊಳಗಿರುವುದು ಜೀವವುಳ್ಳ ಕೋಶ. ದಿನ ಮೀರಿದರೆ ಅದು ಪತಂಗವಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ, ಆಮೇಲೆ ಆ ಗೂಡಿನಿಂದ ಎಳೆ ಬಿಚ್ಚಲಾಗದು. ಚೀಲದಲ್ಲಿ ಒತ್ತಿ ತುಂಬಿ ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗಿನ ಹುಳು ನಜ್ಜಿ ಗೂಡು ಕರೆಗಟ್ಟುತ್ತದೆ, ಬೆಲೆ ಬೀಳುತ್ತದೆ. ಒಂದು ತಿಂಗಳು ಹಗಲಿರುಳೆನ್ನದೆ ಸೊಪ್ಪು ಹಾಕಿ ಸಾಕಿದ ಕುಟುಂಬದ ಗಳಿಕೆ ಪೇಟೆಯ ಇಕ್ಕಟ್ಟಿನಲ್ಲಿ ಕಳೆದ ಎರಡು ಗಂಟೆಯಲ್ಲಿ ಕರಗಬಹುದು. ಅದೇ ರೀತಿ ದೇವಾಂಗದವರ ಬೀದಿಗಳಲ್ಲಿ ಮನೆಮನೆಗೂ ಮಗ್ಗವಿದ್ದ ಕಾಲದಲ್ಲಿ ಹಾಸು, ಹೊಕ್ಕು, ಜರಿ ಎಲ್ಲವೂ ಕೈಯಲ್ಲೋ ಸೈಕಲ್ಲಿನಲ್ಲೋ ಮನೆ ಮುಟ್ಟುತ್ತಿದ್ದವು. ಹಗುರವಾದ, ಬೆಲೆಬಾಳುವ ಆ ಸರಕಿಗೆ ಲಾರಿ ಬೇಕಿಲ್ಲ. ಲಾರಿಯ ಅಡ್ಡಿಯಿಲ್ಲದ ಬೀದಿ ಬೇಕು.

ಪೇಟೆಗೂ ಕಾಡಿಗೂ ಇರುವ ನಂಟು

ಪರಿಸರದ ಕೆಲಸ ಮಾಡುವವರಿಗೆ ಪೇಟೆಯ ಲಾರಿಯ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಉತ್ತರ ಭೂಪಟದಲ್ಲಿದೆ. ಈ ಮೂರು ಪೇಟೆಗಳ ಸುತ್ತ ಮೂರು ದೊಡ್ಡ ಕಾಡುಗಳಿವೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾವೇರಿ ವನ್ಯಧಾಮ 1987ರಲ್ಲಿ, ಮಲೆ ಮಹದೇಶ್ವರ ವನ್ಯಧಾಮ 2013ರಲ್ಲಿ ಘೋಷಣೆಯಾದವು. ಗಡಿಯಾಚೆ ಸತ್ಯಮಂಗಲದ ಹುಲಿ ಸಂರಕ್ಷಿತ ಪ್ರದೇಶವಿದೆ. ಆನೆಗೆ ರಾಜ್ಯದ ಗಡಿಯೂ ಇಲ್ಲ, ತಾಲ್ಲೂಕಿನ ಗಡಿಯೂ ಇಲ್ಲ. ಪೇಟೆಯಿಂದ ಯಾವ ದಿಕ್ಕಿಗೆ ಸರಕು ಹೊರಟರೂ ಒಂದಲ್ಲ ಒಂದು ಕಡೆ ಅದು ಆನೆಯ ದಾರಿಯನ್ನು ಅಡ್ಡಹಾಯಲೇಬೇಕು.

ಕಾಡಿನ ರಸ್ತೆಯಲ್ಲಿ ಮೃಗಕ್ಕೆ ಅಪಾಯ ಹೆಚ್ಚುವುದು ಮುಸ್ಸಂಜೆಯಲ್ಲಿ ಹಾಗೂ ಇರುಳಿನಲ್ಲಿ. ಪೇಟೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಇಳಿಯಬೇಕಾದ ಸರಕು ಹನ್ನೊಂದಕ್ಕೆ ಇಳಿದರೆ ಬೆಟ್ಟದ ಅಂಗಡಿಗೆ ಹೋಗಬೇಕಾದ ಮರು ಸರಕು ಮೂರು ಗಂಟೆ ತಡವಾಗಿ ಹೊರಡುತ್ತದೆ. ತಡವಾದ ಚಾಲಕ ಕಳೆದ ಹೊತ್ತನ್ನು ಎಲ್ಲಿ ತುಂಬಿಕೊಳ್ಳುತ್ತಾನೆ? ಪೇಟೆಯಲ್ಲಲ್ಲ, ತಾಳಬೆಟ್ಟದಾಚೆಯ ತಿರುವುಗಳಲ್ಲಿ. ಅಡ್ಡ ಬರುವವರಿಲ್ಲವೆಂದು ಆತ ಭಾವಿಸುವ ಕಾಡಿನ ನೇರ ದಾರಿಯಲ್ಲಿ. ಪೇಟೆಯ ಬೀದಿಯಲ್ಲಿ ವ್ಯರ್ಥವಾದ ಗಂಟೆಯ ಬೆಲೆಯನ್ನು ಸಂಜೆ ರಸ್ತೆ ದಾಟುವ ಕಡವೆ ತೆರುತ್ತದೆ.

ಇನ್ನೊಂದು ನಂಟು ಕಸದ್ದು. ಮೇಲಕ್ಕೆ ಹೋಗುವ ಪ್ರತಿ ಗಾಡಿಯೂ ಸರಕಿನೊಂದಿಗೆ ಹೊದಿಕೆಯನ್ನೂ ಹೊತ್ತೊಯ್ಯುತ್ತದೆ. ರಾಜ್ಯ ಸರ್ಕಾರ 2016ರಲ್ಲಿಯೂ ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೂ ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿವೆ. ಆದರೂ ಬಿಸ್ಕತ್ತಿನ ಹೊದಿಕೆ, ನೀರಿನ ಬಾಟಲಿ, ಶಾಂಪೂ ಚೀಟಿಗಳು ಏರುತ್ತಲೇ ಇವೆ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಲ್ಲಿ ಲಕ್ಷಾಂತರ ಭಕ್ತರು ಮಾದಪ್ಪನ ಬೆಟ್ಟಕ್ಕೆ ಬರುತ್ತಾರೆ. ಅವರಿಗಾಗಿ ಏರಿದ ಸರಕಿನ ಗಾಡಿಗಳು ಬರಿದಾಗಿ ಇಳಿಯುತ್ತವೆ. ಹೊದಿಕೆ ಮಾತ್ರ ಬೆಟ್ಟದಲ್ಲೇ ಉಳಿದು ದನದ, ಜಿಂಕೆಯ, ಆನೆಯ ಹೊಟ್ಟೆ ಸೇರುತ್ತದೆ. ತುಂಬಿ ಏರಿ ಬರಿದಾಗಿ ಇಳಿಯುವ ಗಾಡಿ ಸಾಗಣೆಯ ದೃಷ್ಟಿಯಿಂದ ನಷ್ಟ, ಕಾಡಿನ ದೃಷ್ಟಿಯಿಂದ ಕೈತಪ್ಪಿದ ಅವಕಾಶ.

ಆಜ್ಞೆಯ ದಾರಿ ಎಲ್ಲಿಯವರೆಗೆ

ಸರಕು ಗಾಡಿಗಳನ್ನು ಆಜ್ಞೆಯಿಂದ ನಿಯಂತ್ರಿಸುವ ಯತ್ನ ಹೊಸತಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮ್ ನಗರದಲ್ಲಿ ಜೂಲಿಯಸ್ ಸೀಸರನ ಕಾಲದ ಕಾನೂನೊಂದು ಹಗಲಿನ ಬಹುಭಾಗ ಗಾಡಿಗಳ ಪ್ರವೇಶವನ್ನು ನಿಷೇಧಿಸಿತು. ದೇವಾಲಯ ಕಟ್ಟುವ ಸಾಮಗ್ರಿಯೇ ಮೊದಲಾದ ಕೆಲವಕ್ಕೆ ವಿನಾಯಿತಿಯಿತ್ತು. ಬೀದಿ ಹಗಲಿನಲ್ಲಿ ತೆರವಾಯಿತು. ಗಾಡಿಗಳೆಲ್ಲ ಇರುಳಿಗೆ ಸರಿದವು. ಮುಂದಿನ ತಲೆಮಾರುಗಳ ಕವಿಗಳು ಚಕ್ರದ ಸದ್ದಿಗೆ ನಿದ್ದೆಯಿಲ್ಲವೆಂದು ದೂರಿದರು. ತೊಂದರೆ ಅಳಿಯಲಿಲ್ಲ, ಹಗಲಿನವರ ಹೆಗಲಿನಿಂದ ಇರುಳಿನವರ ಹೆಗಲಿಗೆ ದಾಟಿತು.

ಹತ್ತಿರದ ನಿದರ್ಶನ ದಿಂಬಂ ಘಟ್ಟದ್ದು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಹೆದ್ದಾರಿಯ ಬಣ್ಣಾರಿ–ಕಾರಪಳ್ಳಂ ಭಾಗದಲ್ಲಿ ರಾತ್ರಿ ಸಂಚಾರದ ನಿರ್ಬಂಧ ಜಾರಿಗೆ ಬಂದಿತು. ಸರಕು ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಘಟ್ಟ ಮುಚ್ಚಿತು. 27 ಕಡಿದಾದ ತಿರುವುಗಳ ಆ ದಾರಿಯಲ್ಲಿ ಚಿರತೆ, ಜಿಂಕೆಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದುದನ್ನು ಬಲ್ಲ ಯಾರೂ ಆ ಆದೇಶದ ಅಗತ್ಯವನ್ನು ಅಲ್ಲಗಳೆಯಲಾರರು. ಆದರೆ ಘಟ್ಟದ ಮೇಲಿನ ತಾಳವಾಡಿ ಫಿರ್ಕಾದ ರೈತರು, ಅವರಲ್ಲಿ ಬಹಳ ಮಂದಿ ಕನ್ನಡಿಗರು, ಬೀದಿಗಿಳಿದರು. ಸಂಜೆ ಕಿತ್ತ ತರಕಾರಿ ರಾತ್ರಿಯೇ ಇಳಿದು ಮುಂಜಾನೆಯ ಮಾರುಕಟ್ಟೆ ಸೇರಬೇಕಿತ್ತು. ಆಸ್ಪತ್ರೆಗೂ ಅದೇ ದಾರಿ. ಪ್ರತಿಭಟನೆಯ ನಂತರ ಸ್ಥಳೀಯರ ವಾಹನಗಳಿಗೆ ವಿನಾಯಿತಿ ದೊರೆಯಿತು. ಮೊದಲೇ ಕೇಳಿದ್ದರೆ ಮೊದಲ ದಿನವೇ ಆಗಬಹುದಾಗಿದ್ದ ಏರ್ಪಾಡು ಸಿಟ್ಟು, ಬಂದ್, ಅರ್ಜಿಗಳ ನಂತರ ಆಯಿತು. ಅಷ್ಟರಲ್ಲಿ ಕಾಡನ್ನು ಕಾಯುವ ಮಾತೆಂದರೆ ರೈತನ ಹೊಟ್ಟೆಯ ಮೇಲೆ ಹೊಡೆಯುವ ಮಾತು ಎಂಬ ಭಾವನೆ ಬೇರೂರಿತು. ಈ ಭಾವನೆಯೇ ಕಾಡಿಗೆ ಅತ್ಯಂತ ದೊಡ್ಡ ಹಾನಿ.

ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇರುವ ನಿರ್ಬಂಧ ಇನ್ನೊಂದು ಪಾಠ ಕಲಿಸುತ್ತದೆ. ನಿರ್ಬಂಧ ಉಳಿಯಿತು, ವ್ಯಾಪಾರವೂ ಉಳಿಯಿತು. ಹೊತ್ತು ಖಚಿತವಾಗಿದ್ದರೆ ವರ್ತಕರು ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತಾರೆ. ಆದ್ದರಿಂದ ಇಲ್ಲಿನ ವಾದ ನಿರ್ಬಂಧ ಬೇಡವೆಂಬುದಲ್ಲ. ಕಾಡಿನ ಬಾಗಿಲು ಇರುಳಿನಲ್ಲಿ ಮುಚ್ಚಿಯೇ ಇರಬೇಕು. ಆ ಬಾಗಿಲಿಗೆ ಹೊತ್ತಿಗೆ ಸರಿಯಾಗಿ ತಲಪುವಂತೆ ಪೇಟೆಯ ಹೊತ್ತನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಪೇಟೆಯವರೊಂದಿಗೆ ಕುಳಿತು ತೀರ್ಮಾನಿಸಬೇಕು ಎಂಬುದಷ್ಟೇ ವಾದ.

ಸಂಬಂಧಪಟ್ಟವರು ಯಾರು

ಸರ್ಕಾರಿ ಕಾಗದಗಳಲ್ಲಿ ‘ಪಾಲುದಾರರ ಸಭೆ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಅಂಥ ಸಭೆಗೆ ಸಾಮಾನ್ಯವಾಗಿ ಬರುವವರು ಅಧಿಕಾರಿಗಳು, ದೊಡ್ಡ ವರ್ತಕರ ಸಂಘದವರು, ಲಾರಿ ಮಾಲೀಕರು. ಅವರು ಬರಬೇಕಾದವರೇ. ಬಾರದೆ ಉಳಿದವರ ಕಡೆ ಒಮ್ಮೆ ನೋಡಬೇಕು.

ಹಮಾಲಿಯಷ್ಟು ಬೀದಿಯನ್ನು ಬಲ್ಲವರಿಲ್ಲ. ಯಾವ ಅಂಗಡಿಯ ಮೆಟ್ಟಿಲು ಎತ್ತರ, ಎಲ್ಲಿ ಚರಂಡಿಯ ಕಲ್ಲು ಅಲುಗುತ್ತದೆ, ಲಾರಿಯನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸಿದರೆ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಲೆಕ್ಕ ಅವನ ಬೆನ್ನಿನಲ್ಲಿದೆ. ಐವತ್ತು ಕಿಲೋ ಮೂಟೆಯನ್ನು ಹೊತ್ತು ನಡೆಯುವವನಿಗೆ ಐವತ್ತು ಹೆಜ್ಜೆಯ ದೂರವೆಂದರೆ ಎಷ್ಟೆಂಬುದು ನಕ್ಷೆ ಬರೆಯುವ ಇಂಜಿನಿಯರಿಗೆ ತಿಳಿಯದು. ಚಿಲ್ಲರೆ ಅಂಗಡಿಯಾಕೆ ದಿನದ ವ್ಯಾಪಾರದ ಹಣದಿಂದಲೇ ಮರುದಿನದ ಸರಕು ತರಿಸುವವಳು; ವಾರಕ್ಕೊಮ್ಮೆ ಒಟ್ಟಿಗೆ ತರಿಸಿಕೊಳ್ಳಿ ಎಂದರೆ ಅವಳಲ್ಲಿ ಬಂಡವಾಳವಿಲ್ಲ. ಬೀದಿ ವ್ಯಾಪಾರಿ ಕೂರುವ ಅಂಚೂ ಲಾರಿ ನಿಲ್ಲುವ ಅಂಚೂ ಒಂದೇ. ಅವರಿಬ್ಬರ ಜಗಳಕ್ಕೆ ಕಾರಣ ಜಾಗದ ಕೊರತೆಗಿಂತ ಹೊತ್ತಿನ ಹಂಚಿಕೆಯಿಲ್ಲದಿರುವುದು. ಹಳ್ಳಿಯ ಹೆಣ್ಣುಮಕ್ಕಳು ತರಕಾರಿಯ ಚೀಲವನ್ನು ಬಸ್ಸಿನಲ್ಲೇ ತರುತ್ತಾರೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರ ಪ್ರಯಾಣ ಸುಲಭವಾಗಿದೆ. ಅವರ ಚೀಲವೂ ಪೇಟೆಯ ಸರಕೇ ಎಂಬುದನ್ನು ಯಾವ ಲೆಕ್ಕವೂ ಹಿಡಿಯುವುದಿಲ್ಲ.

ಇನ್ನು ಕಾಡಿನೊಳಗಿನವರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಸೀಗೆಗಳನ್ನು ತಮ್ಮ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರುತ್ತಿದ್ದವರು. ವನ್ಯಜೀವಿ ಕಾನೂನಿನ 2002ರ ತಿದ್ದುಪಡಿಯ ನಂತರ ಆ ಸಂಗ್ರಹಕ್ಕೆ ತಡೆ ಬಂದು ಬಹಳ ಕಷ್ಟಪಟ್ಟರು. ಅರಣ್ಯ ಹಕ್ಕು ಕಾಯ್ದೆಯ ಬಲದಿಂದ 2011ರಲ್ಲಿ ಹಲವು ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕಿಗೆ ಮಾನ್ಯತೆ ದೊರೆತ ಮೊದಲ ನಿದರ್ಶನಗಳಲ್ಲಿ ಅದೂ ಒಂದು. ಅವರ ಜೇನು ಇಳಿಯುವುದು, ಅವರ ಪಡಿತರ ಏರುವುದು ಗುಂಬಳ್ಳಿಯ ಚೆಕ್‌ಪೋಸ್ಟಿನ ಮೂಲಕವೇ. ಯಳಂದೂರಿನ ಸರಕಿನ ಹೊತ್ತನ್ನು ನಿಗದಿಪಡಿಸುವ ಸಭೆಯಲ್ಲಿ ಅವರಿಗೆ ಕುರ್ಚಿಯಿಲ್ಲದಿದ್ದರೆ ಆ ಸಭೆ ಅರೆಸಭೆ.

ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದ ಘಟನೆಯನ್ನು ಈ ಸೀಮೆಯವರು ಮರೆತಿಲ್ಲ. 2024ರ ಏಪ್ರಿಲಿನ ಲೋಕಸಭಾ ಚುನಾವಣೆಯ ದಿನ ರಸ್ತೆ ಮೊದಲಾದ ಮೂಲಸೌಕರ್ಯಗಳಿಲ್ಲವೆಂಬ ಸಿಟ್ಟು ಮತಗಟ್ಟೆಯ ಧ್ವಂಸದವರೆಗೆ ಹೋಯಿತು, ಮರುಮತದಾನ ನಡೆಯಿತು. ಹಿಂಸೆಯನ್ನು ಸಮರ್ಥಿಸಬೇಕಿಲ್ಲ. ಆದರೆ ಅಕ್ಕಿಯ ಮೂಟೆಯನ್ನೂ ಬಸುರಿಯನ್ನೂ ಒಂದೇ ಕಲ್ಲುದಾರಿಯಲ್ಲಿ ಹೊತ್ತು ತರಬೇಕಾದ ಊರಿನವರನ್ನು ಯಾರೂ ಕೇಳದೆ ಹೋದಾಗ ಏನಾಗುತ್ತದೆಂಬುದಕ್ಕೆ ಅದು ಸಾಕ್ಷಿ. ಅದೇ ಬೆಟ್ಟದಲ್ಲಿ ಅರಣ್ಯ ಇಲಾಖೆ 2022ರಲ್ಲಿ ಪರಿಸರ ಅಭಿವೃದ್ಧಿ ಸಮಿತಿಗಳ ಮೂಲಕ ನಡೆಸಲೆಂದು ಆರಂಭಿಸಿದ ‘ಜನವನ ಸಾರಿಗೆ’ ಜೀಪುಗಳು ಬೇರೊಂದು ದಾರಿಯನ್ನು ತೋರಿಸಿದವು. ದೊಡ್ಡ ರಸ್ತೆ ಸೀಳದೆ, ಚಿಕ್ಕ ವಾಹನವನ್ನು ಊರವರ ಕೈಗೇ ಒಪ್ಪಿಸುವುದು ಅದರ ತಿರುಳು. ಕೊರತೆಗಳು ಏನೇ ಇರಲಿ, ಆ ತಿರುಳು ಸರಿಯಾದದ್ದು.

ಬೇರೆಡೆಯ ಪಾಠ

ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಅಬರ್ಡೀನ್, ಚೆಸ್ಟರ್ ಮುಂತಾದ ಪಟ್ಟಣಗಳಲ್ಲಿ ಸರಕು ಸಾಗಣೆಯ ಸಹಭಾಗಿ ಮಂಡಳಿಗಳು ಹುಟ್ಟಿಕೊಂಡವು. ಪುರಸಭೆ, ಲಾರಿ ಕಂಪನಿ, ಅಂಗಡಿಯವರು, ನಿವಾಸಿಗಳು ಒಂದೇ ಮೇಜಿನ ಸುತ್ತ ಕುಳಿತರು. ಅವು ಮಾಡಿದ ಮೊದಲ ಕೆಲಸಗಳು ಸರಳ: ಲಾರಿಗೆ ಯೋಗ್ಯವಾದ ದಾರಿಯ ನಕ್ಷೆ, ಸರಕು ಇಳಿಸುವ ಜಾಗಕ್ಕೆ ಗುರುತು, ಹೊತ್ತಿನ ಒಪ್ಪಂದ. ಫ್ರಾನ್ಸಿನ ಲಾ ರೋಶೆಲ್ ಎಂಬ ಹಳೆಯ ಬಂದರು ಪಟ್ಟಣ 2001ರಲ್ಲಿ ಊರ ಹೊರಗೆ ಸರಕನ್ನು ಒಟ್ಟುಗೂಡಿಸಿ ವಿದ್ಯುತ್ ವಾಹನಗಳಲ್ಲಿ ಇಕ್ಕಟ್ಟಾದ ಬೀದಿಗಳಿಗೆ ಹಂಚತೊಡಗಿತು.

ಇವುಗಳಿಂದ ಎರಡು ಪಾಠ. ಜೊತೆಯಲ್ಲಿ ಕುಳಿತರೆ ದುಬಾರಿ ಕಾಮಗಾರಿಯಿಲ್ಲದೆಯೇ ಅರ್ಧ ತೊಡಕು ಬಿಡುತ್ತದೆ ಎಂಬುದು ಒಂದು. ಎರಡನೆಯದು ಎಚ್ಚರಿಕೆಯ ಪಾಠ. ಯೂರೋಪಿನಲ್ಲಿ ಹೀಗೆ ಕಟ್ಟಿದ ಸರಕು ಕೂಡುಕೇಂದ್ರಗಳಲ್ಲಿ ಅನೇಕವು ಸರ್ಕಾರದ ಅನುದಾನ ನಿಂತ ದಿನವೇ ಮುಚ್ಚಿದವು. ವರ್ತಕರಿಗೆ ಅದು ತಮ್ಮದೆನ್ನಿಸಿರಲಿಲ್ಲ, ಹೆಚ್ಚುವರಿ ಖರ್ಚೆನ್ನಿಸಿತ್ತು. ಕೋಟಿಗಟ್ಟಲೆ ಹಣ ಸುರಿದು ಊರ ಹೊರಗೆ ಗೋದಾಮು ಕಟ್ಟಿಸಿ ಬೀಗ ಜಡಿಯುವ ದಾರಿ ಈ ಬಡ ತಾಲ್ಲೂಕುಗಳಿಗೆ ಬೇಡ.

ಕಾನೂನಿನ ಆಸರೆ

ಮೋಟಾರು ವಾಹನ ಕಾಯ್ದೆ, 1988ರ 115ನೆಯ ಪ್ರಕರಣ ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ನಿರ್ದಿಷ್ಟ ರಸ್ತೆಯಲ್ಲಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರ ಕೊಡುತ್ತದೆ. 117ನೆಯ ಪ್ರಕರಣ ವಾಹನ ನಿಲ್ಲುವ ಜಾಗಗಳನ್ನು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಗೊತ್ತುಪಡಿಸಲು ಹೇಳುತ್ತದೆ. ಎಂದರೆ ನಗರಸಭೆ, ಪಟ್ಟಣ ಪಂಚಾಯಿತಿಗಳು ಕೇಳಿದರೆ ದಾರಿಯಿದೆ. ಸಂವಿಧಾನದಂತೆ ವಾರ್ಡ್ ಸಮಿತಿಗಳು ಕಡ್ಡಾಯವಾಗಿರುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ಕೊಳ್ಳೇಗಾಲದಂಥ ಪಟ್ಟಣಗಳಿಗೆ ಆ ಕಡ್ಡಾಯವಿಲ್ಲ. ಆದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಪಟ್ಟಣಕ್ಕೂ ಒಂದು ಮಾರಾಟ ಸಮಿತಿಯನ್ನು ವಿಧಿಸಿದೆ. ಅದರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಬೀದಿಯ ಅಂಚಿನ ಬಗೆಗೆ ಬೀದಿಯವರೇ ಕುಳಿತು ಮಾತಾಡುವ ಒಂದು ಮಾದರಿ ಕಾನೂನಿನಲ್ಲಿ ಆಗಲೇ ಇದೆ. ಅದೇ ಮಾದರಿಯಲ್ಲಿ ಸರಕಿನ ಮಾತಿಗೂ ಒಂದು ಸಮಿತಿಯನ್ನು ರಚಿಸಲು ಹೊಸ ಕಾನೂನು ಬೇಕಿಲ್ಲ. ಸ್ಥಳೀಯ ಸಂಸ್ಥೆಯ ಒಂದು ನಿರ್ಣಯ ಸಾಕು. ಕಾಡಿನೊಳಗಿನ ದಾರಿಗಳ ಮಟ್ಟಿಗೆ ಅರಣ್ಯ ಹಕ್ಕು ಕಾಯ್ದೆಯ 5ನೆಯ ಪ್ರಕರಣ ಗ್ರಾಮಸಭೆಗೆ ವನ್ಯಜೀವಿ, ಅರಣ್ಯಗಳನ್ನು ಕಾಯುವ ಅಧಿಕಾರ ಕೊಟ್ಟಿದೆ. ಆ ಅಧಿಕಾರವನ್ನು ಹೊರೆಯೆಂದಲ್ಲದೆ ಹಕ್ಕೆಂದು ಬಳಸಬೇಕು.

ಮೂರು ಊರು, ಮೂರು ಕ್ರಮ

ಮೊದಲ ಕೆಲಸ ಎಣಿಕೆ. ಒಂದು ವಾರ, ಜಾತ್ರೆಯಿಲ್ಲದ ವಾರವೊಂದು, ಜಾತ್ರೆಯ ವಾರವೊಂದು, ಊರಿಗೆ ಬರುವ ಸರಕು ವಾಹನಗಳನ್ನು ಹೊತ್ತು ಹಿಡಿದು ಎಣಿಸಬೇಕು. ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಕಾಯಿತು, ತುಂಬಿತ್ತೋ ಅರ್ಧವೋ, ಎಲ್ಲಿ ನಿಂತಿತು. ಇದನ್ನು ಕಾಲೇಜು ವಿದ್ಯಾರ್ಥಿಗಳೂ ಹಮಾಲಿಗಳೂ ಜೊತೆಗೂಡಿ ಮಾಡಿದರೆ ವೆಚ್ಚವಿಲ್ಲ. ಎಣಿಕೆಯ ಹಾಳೆ ನಗರಸಭೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಎಣಿಕೆಯಿಲ್ಲದ ವಾದ ಕೂಗಾಟವಾಗುತ್ತದೆ.

ಕೊಳ್ಳೇಗಾಲಕ್ಕೆ ಬೇಕಾದದ್ದು ಹೊತ್ತಿನ ಹಂಚಿಕೆ. ದೊಡ್ಡ ಲಾರಿಗಳು ನಸುಕಿನಲ್ಲಿ ಇಳಿಸಿ ಶಾಲೆಯ ಹೊತ್ತಿಗೆ ಮುನ್ನ ಹೊರಡಬೇಕು; ಆ ಹೊತ್ತಿನಲ್ಲಿ ಬೀದಿಯ ಅಂಚು ಲಾರಿಯದು, ಆಮೇಲೆ ತಳ್ಳುಗಾಡಿಯವರದು. ನಸುಕಿನಲ್ಲಿ ಅಂಗಡಿ ತೆರೆಯಲಾಗದ ಚಿಕ್ಕವರ ಪರವಾಗಿ ಸರಕು ಪಡೆದುಕೊಳ್ಳಲು ಸಂಘದ್ದೊಂದು ಚಿಕ್ಕ ಮಳಿಗೆ ಸಾಕು. ಅಲ್ಲಿಂದ ಮುಂದೆ ತಳ್ಳುಬಂಡಿ, ಲಗೇಜ್ ಆಟೊಗಳಲ್ಲಿ ಹಂಚಿಕೆ. ರೇಷ್ಮೆಗೂಡಿನ ವಾಹನಕ್ಕೆ ಆಂಬುಲೆನ್ಸಿನ ನಂತರದ ಮೊದಲ ಮರ್ಯಾದೆ ಸಿಗಬೇಕು.

ಹನೂರು 2018ರ ಹೊತ್ತಿಗೆ ಪ್ರತ್ಯೇಕ ತಾಲ್ಲೂಕಾಗಿ ಕೆಲಸ ಆರಂಭಿಸಿದ ಊರು; ಪೇಟೆ ಇನ್ನೂ ಬೆಳೆಯುತ್ತಿದೆ. ಹಳೆಯ ಊರುಗಳ ತಪ್ಪನ್ನು ಮಾಡದಿರುವ ಅವಕಾಶ ಅದಕ್ಕಿದೆ. ಹೊಸ ಅಂಗಡಿ ಸಾಲುಗಳಿಗೆ ಅನುಮತಿ ಕೊಡುವಾಗಲೇ ಸರಕು ಇಳಿಸುವ ಜಾಗವನ್ನು ಕೇಳಬೇಕು. ಬೆಟ್ಟಕ್ಕೆ ಏರುವ ಸರಕನ್ನು ಹನೂರಿನಲ್ಲಿ ಒಟ್ಟುಗೂಡಿಸಿ ಮಧ್ಯಾಹ್ನದೊಳಗೆ ಮೇಲೆ ತಲಪಿಸಬೇಕು. ಉದಾಹರಣೆಗೆ ಹತ್ತು ಅಂಗಡಿಗಳಿಗೆ ಅರೆಬರೆ ತುಂಬಿ ಹೋಗುವ ಹತ್ತು ಗಾಡಿಗಳ ಸರಕನ್ನು ಐದು ಗಾಡಿಗಳು ಒಯ್ದರೆ ಕಾಡಿನ ರಸ್ತೆಯಲ್ಲಿ ಐದು ಓಡಾಟ ತಪ್ಪಿತು. ಇಳಿಯುವಾಗ ಅದೇ ಗಾಡಿ ಬೆಟ್ಟದ ಹೊದಿಕೆ, ಬಾಟಲಿಗಳನ್ನು ತರಬೇಕು. ಅದಕ್ಕೆ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರ ಬಾಡಿಗೆಯ ಒಂದು ಭಾಗ ಕೊಡುವುದು ನ್ಯಾಯ. ಕೆ.ಎಸ್.ಆರ್.ಟಿ.ಸಿ. 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಸೇವೆಯನ್ನು ಬೆಟ್ಟದ ಬಸ್ಸುಗಳಲ್ಲಿ ಚಿಕ್ಕ ಪೊಟ್ಟಣಗಳಿಗೆ ಹೆಚ್ಚು ಬಳಸಿಕೊಂಡರೆ ಹೇಗೂ ಓಡುವ ಬಸ್ಸೇ ಒಂದು ಗಾಡಿಯ ಕೆಲಸ ಮಾಡುತ್ತದೆ.

ಯಳಂದೂರು ಚಿಕ್ಕ ಊರು. ಹೆದ್ದಾರಿ ಅದರ ನಡುವೆಯೇ ಬೆಳೆದಿದೆ. ಅಲ್ಲಿನ ಪ್ರಶ್ನೆ ಹಾದುಹೋಗುವ ಲಾರಿಗೂ ನಿಲ್ಲುವ ಲಾರಿಗೂ ನಡುವಿನದು. ಘಟ್ಟ ಮುಚ್ಚುವ ಹೊತ್ತಿಗೆ ತಲಪಲಾರದ ಲಾರಿಗಳು ರಾತ್ರಿ ತಂಗಲು ಊರಿನಿಂದಲೂ ಕಾಡಿನಿಂದಲೂ ದೂರದ ಜಾಗ ಬೇಕು. ಅಲ್ಲಿ ಚಾಲಕರಿಗೆ ನೀರು, ಶೌಚಾಲಯ, ದೀಪ ಇರಬೇಕು. ಇಡೀ ದಿನ ದುಡಿದವನಿಗೆ ಮಲಗಲು ಜಾಗ ಕೊಡದೆ ಕಾಡಿನಲ್ಲಿ ನಿಧಾನವಾಗಿ ಹೋಗು ಎಂದು ಹೇಳುವ ನೈತಿಕ ಹಕ್ಕು ಯಾರಿಗೂ ಇಲ್ಲ.

ಕಠಿಣ ಪ್ರಶ್ನೆಗಳು

ಇದೆಲ್ಲ ಒಪ್ಪಿಗೆಯಾದರೆ ಯಾರಿಗೂ ನಷ್ಟವಿಲ್ಲವೇ? ಇದೆ, ಅದನ್ನು ಮರೆಮಾಚಬಾರದು. ಸರಕನ್ನು ಒಟ್ಟುಗೂಡಿಸಿದರೆ ಕೆಲವು ಟೆಂಪೊಗಳಿಗೆ ಬಾಡಿಗೆ ತಪ್ಪುತ್ತದೆ. ಸಾಲ ಮಾಡಿ ಗಾಡಿ ಕೊಂಡ ತರುಣನಿಗೆ ಕಂತು ತಪ್ಪುವುದಿಲ್ಲ. ಮೂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲಿಗೆ ಒಂದೆಡೆ ಹೆಚ್ಚುವರಿ ಇಳಿಕೆ ಸಿಕ್ಕರೆ ಇನ್ನೊಂದೆಡೆ ಚಕ್ರದ ಬಂಡಿಯಿಂದ ಹೊರುವ ಕೆಲಸ ಕಡಿಮೆಯಾಗಬಹುದು. ನಸುಕಿನ ಕೆಲಸವೆಂದರೆ ನಿದ್ದೆಗೆಟ್ಟ ಕೆಲಸ. ಆದ್ದರಿಂದ ಹೊತ್ತು ಬದಲಿಸುವ ಮೊದಲು ಕೂಲಿಯ ದರ ನಿಗದಿಯಾಗಬೇಕು. ಕೂಡುಸಾಗಣೆಯ ಸರದಿಯಲ್ಲಿ ಈಗಿರುವ ಗಾಡಿಗಳ ಮಾಲೀಕರಿಗೇ ಪಾಲು ಸಿಗಬೇಕು, ಹೊರಗಿನ ಗುತ್ತಿಗೆದಾರನಿಗಲ್ಲ. ವರ್ತಕ ಉಳಿಸಿದ ಡೀಸೆಲ್ಲಿನ ಹಣ ವರ್ತಕನ ಗಲ್ಲಾಪೆಟ್ಟಿಗೆಯಲ್ಲೇ ಉಳಿದರೆ ಈ ಒಪ್ಪಂದ ಆರು ತಿಂಗಳೂ ಬಾಳದು.

ಸಭೆ ಕರೆದು ಸಹಿ ಹಾಕಿಸಿಕೊಳ್ಳುವುದಷ್ಟೇ ಪಾಲುಗಾರಿಕೆಯಲ್ಲ. ಬೇಡವೆನ್ನುವ ಹಕ್ಕು, ತಿದ್ದುವ ಹಕ್ಕು, ಮೂರು ತಿಂಗಳ ನಂತರ ಲೆಕ್ಕ ಕೇಳುವ ಹಕ್ಕು ಇದ್ದಾಗ ಮಾತ್ರ ಅದು ಪಾಲುಗಾರಿಕೆ. ಸಭೆಯ ಹೊತ್ತೂ ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯಲ್ಲಿ ಕರೆದ ಸಭೆಗೆ ದಿನಗೂಲಿಯವರು ಬರಲಾರರು. ಪೇಟೆಗೆ ರಜೆಯ ದಿನ, ಪೇಟೆಯಲ್ಲೇ, ನೆಲದ ಮೇಲೆ ಚಾಪೆ ಹಾಸಿ ಕುಳಿತರೆ ಸರಿಯಾದ ಮಾತು ಹೊರಬರುತ್ತದೆ.

ರಾಮಸ್ವಾಮಿ ಮೊದಲಿಯಾರರ ಸೇತುವೆಯ ಕಲ್ಲುಕಂಬಗಳನ್ನು ಹೊತ್ತು ತಂದು ಹೊಳೆಯ ನಡುವೆ ನಿಲ್ಲಿಸಿದವರ ಹೆಸರು ಎಲ್ಲಿಯೂ ಬರೆದಿಲ್ಲ. ಬಿರುದು ಒಬ್ಬರಿಗೆ ಸಂದಿತು, ಭಾರ ಹಲವರು ಹೊತ್ತರು. ಈ ಬಾರಿ ಕಟ್ಟಬೇಕಾದ ಕೊನೆಯ ಫರ್ಲಾಂಗಿನ ಸೇತುವೆಯಲ್ಲಿ ಹಾಗಾಗದಿರಲಿ. ಭಾರ ಹೊರುವವರ ಹೆಸರು ಮೊದಲ ಸಭೆಯ ಹಾಜರಿ ಪುಸ್ತಕದಲ್ಲೇ ಇರಲಿ. ಮುಂದಿನ ಜಾತ್ರೆಗೆ ಮುನ್ನ ಮೂರೂ ಊರುಗಳಲ್ಲಿ ಎಣಿಕೆಯ ಕೆಲಸ ಮುಗಿಯಲಿ. ಸಂಜೆ ಆರರ ನಂತರ ಆನೆಯ ದಾರಿ ಆನೆಗೇ ಉಳಿಯಲಿ.